ಪಿಎಚ್ ಕಾಗದದ ಬಣ್ಣ ಓದುವುದು ಹೇಗೆ? ನಿಂಬೆಹಣ್ಣಿನಿಂದ ಎಲೆ ಸುಣ್ಣದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಮದುಮಕ್ಕಳು ಮನೆಗೆ ಬಂದಾಗ, ಬಾಣಂತಿ ಮಗು ಎತ್ತಿಕೊಂಡು ಹೊಸಿಲ ಹತ್ತಿರ ನಿಂತಾಗ ನಮ್ಮಲ್ಲಿ ಕೆಂಪು ನೀರಿನ ಆರತಿ ಎತ್ತುತ್ತಾರೆ. ಆ ತಟ್ಟೆಯಲ್ಲಿ ಇರುವುದು ನೀರು, ಅರಿಶಿನ, ಚಿಟಿಕೆ ಸುಣ್ಣ, ಅಷ್ಟೇ. ಅರಿಶಿನದ ನೀರು ಹಳದಿ, ಸುಣ್ಣ ಬಿಳಿ. ಎರಡೂ ಬೆರೆತ ಕೂಡಲೇ ತಟ್ಟೆ ತುಂಬ ಕೆಂಪು. ಚಿಕ್ಕವಳಿದ್ದಾಗ ಅಜ್ಜಿ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಕದಡುವುದನ್ನು ಬಿಟ್ಟಕಣ್ಣು ಬಿಟ್ಟು ನೋಡುತ್ತಿದ್ದೆ. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಆಮ್ಲ, ಪ್ರತ್ಯಾಮ್ಲದ ಪಾಠವನ್ನು ಪ್ರತಿ ವರ್ಷ ಆ ತಟ್ಟೆಯಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಪಿಎಚ್ ಕಾಗದ ಮಾಡುವ ಕೆಲಸವೂ ಅದೇ. ಕಾಗದದ ಮೇಲೆ ಇರುವುದು ಅರಿಶಿನ ಅಲ್ಲ, ಬೇರೆ ನಾಲ್ಕೈದು ಬಣ್ಣಗಳು. ಅಷ್ಟೇ ವ್ಯತ್ಯಾಸ.

ಕಾಗದ ಅದ್ದುವುದು ಯಾರಿಗಾದರೂ ಬರುತ್ತದೆ. ಓದುವುದು ಕಲಿಯಬೇಕು. ಅದಕ್ಕೆ ನಾನು ಒಂದೇ ದಾರಿ ಹೇಳುವುದು: ಮೊದಲು ಉತ್ತರ ಗೊತ್ತಿರುವ ವಸ್ತುಗಳ ಮೇಲೆ ಕಣ್ಣು ಪಳಗಿಸಿ, ಆಮೇಲೆ ಗೊತ್ತಿಲ್ಲದ್ದಕ್ಕೆ ಕೈ ಹಾಕಿ. ಈ ಇಡೀ ಬರಹ ಆ ಕ್ರಮದಲ್ಲೇ ಇದೆ.

ಕಾಗದದ ಒಳಗೆ ಏನು ನಡೆಯುತ್ತದೆ

ನೀರಿನಲ್ಲಿ ಕರಗಿದ ಆಮ್ಲ ಹೈಡ್ರೋಜನ್ ಅಯಾನುಗಳನ್ನು, ಅಂದರೆ ವಿದ್ಯುದಂಶ ಹೊತ್ತ ಹೈಡ್ರೋಜನ್ ಕಣಗಳನ್ನು, ಬಿಡುತ್ತದೆ. ಪ್ರತ್ಯಾಮ್ಲ ಅವನ್ನು ಕಡಿಮೆ ಮಾಡುತ್ತದೆ. ಈ ಅಯಾನು ಎಷ್ಟಿದೆ ಅಂತ ಹೇಳುವ ಅಂಕಿಯೇ ಪಿಎಚ್. 7 ಅಂದರೆ ತಟಸ್ಥ. ಅದಕ್ಕಿಂತ ಕಡಿಮೆ ಇದ್ದರೆ ಆಮ್ಲ, ಜಾಸ್ತಿ ಇದ್ದರೆ ಪ್ರತ್ಯಾಮ್ಲ. ಅಂಕಿ ಒಂದು ಮೆಟ್ಟಿಲು ಇಳಿದರೆ ಅಯಾನು ಹತ್ತು ಪಟ್ಟು ಏರುತ್ತದೆ. ಹಾಗಾಗಿ ಪಿಎಚ್ 2ರ ಹತ್ತಿರ ಇರುವ ನಿಂಬೆರಸ, 4ರ ಹತ್ತಿರ ಇರುವ ಹುಳಿ ಮೊಸರಿಗಿಂತ ಎರಡು ಪಟ್ಟು ಆಮ್ಲ ಅಲ್ಲ, ನೂರು ಪಟ್ಟು. ಮಕ್ಕಳು ತುಂಬ ಎಡವುವ ಜಾಗ ಇದು. ನಿಧಾನವಾಗಿ ಎರಡು ಸಲ ಹೇಳಿ.

ಪಿಎಚ್‌ಗೆ ತಕ್ಕಂತೆ ಬಣ್ಣ ಬದಲಿಸುವ ವಸ್ತುವಿಗೆ ಸೂಚಕ ಅನ್ನುತ್ತಾರೆ. ಸೂಚಕದ ಅಣು ಹೈಡ್ರೋಜನ್ ಅಯಾನನ್ನು ಹಿಡಿದುಕೊಂಡಾಗ ಅದರ ರಚನೆ ಒಂದು ಥರ, ಬಿಟ್ಟುಕೊಟ್ಟಾಗ ಇನ್ನೊಂದು ಥರ. ರಚನೆ ಬದಲಾದರೆ ಅದು ಹೀರುವ ಬೆಳಕು ಬದಲಾಗುತ್ತದೆ. ನಮ್ಮ ಕಣ್ಣಿಗೆ ಅದೇ ಬಣ್ಣದ ಬದಲಾವಣೆ. ಒಂದೊಂದು ಸೂಚಕ ಒಂದೊಂದು ಜಾಗದಲ್ಲಿ ಬದಲಾಗುತ್ತದೆ. ಲಿಟ್ಮಸ್ ಸುಮಾರು 4.5ರ ಕೆಳಗೆ ಕೆಂಪು, 8.3ರ ಮೇಲೆ ನೀಲಿ. ಮೀಥೈಲ್ ರೆಡ್ 4.4ರಿಂದ 6.2ರ ನಡುವೆ ಕೆಂಪಿನಿಂದ ಹಳದಿಗೆ ಹೋಗುತ್ತದೆ. ಬ್ರೋಮೋಥೈಮಾಲ್ ಬ್ಲೂ 6ರಿಂದ 7.6ರ ನಡುವೆ ಹಳದಿಯಿಂದ ನೀಲಿಗೆ ತಿರುಗುತ್ತದೆ. ಇಂಥ ಕೆಲವನ್ನು ಲೆಕ್ಕ ಹಾಕಿ ಬೆರೆಸಿ, ಕಾಗದಕ್ಕೆ ಹೀರಿಸಿ ಒಣಗಿಸಿದರೆ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ ಅಂತ ಸಾಲಾಗಿ ಬಣ್ಣ ತೋರಿಸುವ ಪಿಎಚ್ ಕಾಗದ ಆಗುತ್ತದೆ.

ಹೂವಿನ ರಸ ಆಮ್ಲಕ್ಕೆ ಕೆಂಪಾಗುತ್ತದೆ, ಕ್ಷಾರಕ್ಕೆ (ನೀರಲ್ಲಿ ಕರಗುವ ಪ್ರತ್ಯಾಮ್ಲಕ್ಕೆ) ಹಸಿರಾಗುತ್ತದೆ ಅಂತ ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲ್ 1664ರಲ್ಲೇ ಬರೆದಿಟ್ಟಿದ್ದ. ಆದರೆ ಅದಕ್ಕೆ ಅಂಕಿಯ ಅಳತೆ ಬಂದಿದ್ದು 1909ರಲ್ಲಿ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಸೋರೆನ್ಸನ್ ಪಿಎಚ್ ಅಳತೆಯನ್ನು ಕೊಟ್ಟ. ಹುದುಗುವ ಕೆಲಸದಲ್ಲಿ ಹುಳಿ ಎಷ್ಟು ಏರಿತು ಅನ್ನುವುದು ಬಹಳ ಮುಖ್ಯ. ಇಡ್ಲಿ ಹಿಟ್ಟು ಇಡುವ ನಮಗೆ ಇದು ಹೊಸ ಮಾತಲ್ಲ. ಹಿಟ್ಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಏನೇನು ಬೇಕು

ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಪಿಎಚ್ ಕಾಗದ ಸಿಗುತ್ತದೆ. ಬೆಂಕಿಪೊಟ್ಟಣದ ಅಗಲದ ಪುಟ್ಟ ಪುಸ್ತಕದ ಥರ ಇರುತ್ತದೆ, ಎಲೆ ಎಲೆಯಾಗಿ ಹರಿದುಕೊಳ್ಳಬಹುದು. ಮೊದಲಿಗೆ 1ರಿಂದ 14ರವರೆಗೆ ತೋರಿಸುವುದನ್ನು ಕೊಳ್ಳಿ. ಹಾಲು, ಹಿಟ್ಟು, ಮಣ್ಣು ನೋಡುವ ಆಸೆ ಇದ್ದರೆ ಕಿರಿದಾದ ವ್ಯಾಪ್ತಿಯ ಇನ್ನೊಂದು ಪುಸ್ತಕವೂ ಬೇಕು. 4ರಿಂದ 7ರ ಆಸುಪಾಸು ತೋರಿಸುವಂಥದ್ದು ನೋಡಿ. ಅಗಲ ವ್ಯಾಪ್ತಿಯ ಕಾಗದದಲ್ಲಿ ಅರ್ಧ ಅಂಕಿಯ ವ್ಯತ್ಯಾಸ ಕಣ್ಣಿಗೆ ಸಿಗುವುದೇ ಇಲ್ಲ.

ಲಿಟ್ಮಸ್ ಮತ್ತು ಪಿಎಚ್ ಕಾಗದ ಒಂದೇ ಅಂದುಕೊಳ್ಳಬೇಡಿ. ಲಿಟ್ಮಸ್ ಆಮ್ಲವೋ ಪ್ರತ್ಯಾಮ್ಲವೋ ಅಂತ ಹೇಳಿ ಸುಮ್ಮನಾಗುತ್ತದೆ. ಎಷ್ಟು ಅಂತ ಹೇಳುವುದಿಲ್ಲ.

ಮಿಕ್ಕಿದ್ದೆಲ್ಲ ಮನೆಯಲ್ಲೇ ಇದೆ. ಬಿಳಿ ಪಿಂಗಾಣಿ ತಟ್ಟೆ ಒಂದು, ಸಣ್ಣ ಬಟ್ಟಲು ಐದಾರು, ಸ್ಟೀಲ್ ಚಮಚಗಳು, ಒಣ ಬಟ್ಟೆ, ನೋಟ್‌ಬುಕ್. ಮೆಡಿಕಲ್ ಶಾಪಿನಲ್ಲೋ ಬ್ಯಾಟರಿ ಅಂಗಡಿಯಲ್ಲೋ ಸಿಗುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ಇದ್ದರೆ ಒಳ್ಳೆಯದು. ಪಾತ್ರೆ ಕೊನೆಯ ಸಲ ಜಾಲಾಡುವುದಕ್ಕೆ, ಪುಡಿಗಳನ್ನು ಕರಗಿಸುವುದಕ್ಕೆ ಅದೇ ನೀರು ಬಳಸಿ.

ಮೊದಲ ಹೆಜ್ಜೆ: ಕೈ, ಬಟ್ಟಲು, ಬೆಳಕು

ಒಂದು ಸಲ ತರಗತಿಯಲ್ಲಿ ಒಂದೇ ಪ್ಯಾಕೆಟ್ ಹಾಲನ್ನು ಎರಡು ಬಟ್ಟಲಿಗೆ ಹಾಕಿ ಇಬ್ಬರು ಹುಡುಗರಿಗೆ ಕೊಟ್ಟಿದ್ದೆ. "ಮಿಸ್, ನಂದು ಹಸಿರು ಹಳದಿ ಬಂತು. ಇವನದು ನೋಡಿ, ಒಂದು ಕಡೆ ಕಿತ್ತಳೆ. ಯಾರದು ತಪ್ಪು?" ಅಂತ ಒಬ್ಬ ಓಡಿ ಬಂದ. ಇನ್ನೊಬ್ಬನ ಕಾಗದ ಕೈಗೆ ತಗೊಂಡು ನೋಡಿದೆ. ಹಾಲಿಗೆ ಅದ್ದಿದ ತುದಿ ಸರಿಯಾಗೇ ಇತ್ತು. ಅವನು ಹಿಡಿದುಕೊಂಡಿದ್ದ ತುದಿಯಲ್ಲಿ ಹೆಬ್ಬೆಟ್ಟಿನ ಗುರುತು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. "ಮಧ್ಯಾಹ್ನ ಏನು ತಿಂದೆಯಪ್ಪಾ?" ಅಂದೆ. "ಚಿತ್ರಾನ್ನ ಮಿಸ್" ಅಂದ. ಕೈ ತೊಳೆದಿದ್ದ, ಆದರೆ ಸುಮ್ನೆ ನೀರು ಮುಟ್ಟಿಸಿಕೊಂಡು ಬಂದಿದ್ದ. ನಿಂಬೆರಸದ ಪಸೆ ಬೆರಳಲ್ಲಿ ಉಳಿದಿತ್ತು.

ಅವತ್ತಿನಿಂದ ನನ್ನ ತರಗತಿಯಲ್ಲಿ ಪಾಠ ಶುರುವಾಗುವುದು ನಲ್ಲಿಯ ಹತ್ತಿರ. ಸೋಪು ಹಾಕಿ ಕೈ ತೊಳೆಯಿರಿ. ಸೋಪಿನ ಜಾರು ಹೋಗುವವರೆಗೂ ನೀರು ಹಾಕಿ, ಯಾಕೆಂದರೆ ಸೋಪು ಪ್ರತ್ಯಾಮ್ಲ, ಅದೂ ಕಾಗದಕ್ಕೆ ಅಂಟುತ್ತದೆ. ಕೈ ಪೂರ್ತಿ ಒರೆಸಿಕೊಳ್ಳಿ. ಕಾಗದವನ್ನು ಒಂದೇ ತುದಿಯಲ್ಲಿ ಹಿಡಿಯಿರಿ. ಬಟ್ಟಲುಗಳಿಗೂ ಇದೇ ನಿಯಮ. ಪಾತ್ರೆ ತೊಳೆಯುವ ಸೋಪು ಚೂರು ಉಳಿದರೂ ನೀರಿನಂಥ ವಸ್ತುವಿನ ಪರೀಕ್ಷೆ ಕೆಡುತ್ತದೆ.

ಬೆಳಕಿನ ಮಾತೂ ಅಷ್ಟೇ ಮುಖ್ಯ. ಹಳದಿ ಬಲ್ಬಿನ ಕೆಳಗೆ ಹಳದಿ, ತಿಳಿಹಸಿರು ಎರಡೂ ಒಂದೇ ಥರ ಕಾಣುತ್ತವೆ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರ ಒಳಗೆ, ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಜಾಗ ನೋಡಿಕೊಳ್ಳಿ. ಕೆಲವರಿಗೆ ಕೆಂಪು ಹಸಿರಿನ ವ್ಯತ್ಯಾಸ ಹುಟ್ಟಿನಿಂದಲೇ ಸರಿಯಾಗಿ ಕಾಣುವುದಿಲ್ಲ, ಹುಡುಗರಲ್ಲಿ ಇದು ಜಾಸ್ತಿ. ತರಗತಿಯಲ್ಲಿ ಯಾರಾದರೂ ಮತ್ತೆ ಮತ್ತೆ ತಪ್ಪು ಹೇಳುತ್ತಿದ್ದರೆ ಬೈಯಬೇಡಿ. ಜೊತೆಗೆ ಒಬ್ಬರನ್ನು ಕೂರಿಸಿ.

ಎರಡನೇ ಹೆಜ್ಜೆ: ಗೊತ್ತಿರುವ ನಾಲ್ಕು ವಸ್ತು

ಇದು ಕಣ್ಣು ಪಳಗಿಸುವ ಹೆಜ್ಜೆ, ಬಿಡಬೇಡಿ. ನಾಲ್ಕು ಬಟ್ಟಲು ಸಾಲಾಗಿ ಇಡಿ.

ಒಂದನೆಯದು ನಿಂಬೆರಸ. ಬೀಜ, ತಿರುಳು ಸೋಸಿ, ನೀರು ಬೆರೆಸದೆ ಹಾಕಿ. ಪಿಎಚ್ 2ರಿಂದ 2.6ರ ಒಳಗೆ ಇರುತ್ತದೆ.

ಎರಡನೆಯದು ತಾಜಾ ಹಾಲು, ಸುಮಾರು 6.6. ತಟಸ್ಥಕ್ಕೆ ತೀರಾ ಹತ್ತಿರ, ಆದರೂ ಆಮ್ಲದ ಕಡೆಗೇ ವಾಲಿದೆ.

ಮೂರನೆಯದು ಅಡುಗೆ ಸೋಡಾ. ಕಾಲು ಲೋಟ ಡಿಸ್ಟಿಲ್ಡ್ ನೀರಿಗೆ ಅರ್ಧ ಚಮಚ ಹಾಕಿ ಕದಡಿ. ಪಿಎಚ್ ಸುಮಾರು 8.3. ಇದರಲ್ಲಿ ಒಂದು ಚಂದದ ಗುಣ ಇದೆ. ಸೋಡಾ ಸ್ವಲ್ಪ ಜಾಸ್ತಿ ಹಾಕಿದರೂ, ಕಡಿಮೆ ಹಾಕಿದರೂ ಪಿಎಚ್ ಅಲ್ಲೇ ನಿಲ್ಲುತ್ತದೆ. ತೂಕ ಮಾಡುವ ತಕ್ಕಡಿ ಇಲ್ಲದ ಮನೆಯಲ್ಲೂ ನಂಬಬಹುದಾದ ಅಳತೆಗೋಲು ಇದು.

ನಾಲ್ಕನೆಯದು ಸುಣ್ಣದ ತಿಳಿ. ಎಲೆ ಅಡಿಕೆಗೆ ಹಾಕುವ ಸುಣ್ಣವನ್ನು ಕಡಲೆಬೇಳೆ ಗಾತ್ರ ತೆಗೆದುಕೊಂಡು ಅರ್ಧ ಲೋಟ ನೀರಿಗೆ ಹಾಕಿ, ಕದಡಿ, ಒಂದು ಗಂಟೆ ಬಿಡಿ. ಮೇಲೆ ನಿಂತ ತಿಳಿಯನ್ನು ಮಾತ್ರ ಬಳಸಿ. ಪಿಎಚ್ ಸುಮಾರು 12.4. ಸುಣ್ಣ ನೀರಿನಲ್ಲಿ ಕರಗುವುದೇ ಬಹಳ ಕಡಿಮೆ, ಒಂದು ಲೀಟರಿಗೆ ಎರಡು ಗ್ರಾಮೂ ಇಲ್ಲ. ಹಾಗಾಗಿ ಇನ್ನೂ ನಾಲ್ಕು ಚಮಚ ಸುಣ್ಣ ಸುರಿದರೂ ಅದು ತಳದಲ್ಲೇ ಕೂರುತ್ತದೆ, ತಿಳಿಯ ಪಿಎಚ್ ಏರುವುದಿಲ್ಲ. ಸೋಡಾದ ಹಾಗೆ ಇದೂ ನಂಬಿಕೆಯ ಅಳತೆಗೋಲು.

ಸುಣ್ಣದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಸುಣ್ಣದ ಪುಟ್ಟ ಪೊಟ್ಟಣವನ್ನು ಮಕ್ಕಳ ಕೈಗೆ ಕೊಡಬೇಡಿ. ಒತ್ತಿದಾಗ ಚಿಮ್ಮಿ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಬಿದ್ದರೆ ಉಜ್ಜಬೇಡಿ. ತಕ್ಷಣ ನಲ್ಲಿಯ ಕೆಳಗೆ ಕಣ್ಣು ಬಿಡಿಸಿ ಹಿಡಿದು ನೀರು ಹರಿಸಿ. ಅರ್ಧ ಗಂಟೆಯಾದರೂ ತೊಳೆದು, ಹಾಗೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹುಳಿಗೆ ಸುಣ್ಣ ಮದ್ದು ಅಂತ ಪಾಠದಲ್ಲಿ ಓದಿದವರು ಕಣ್ಣಿಗೆ ನಿಂಬೆರಸ ಹಾಕಿಬಿಟ್ಟಾರು. ಅಂಥ ಕೆಲಸ ಖಂಡಿತ ಮಾಡಬೇಡಿ, ನೀರು ಮಾತ್ರ.

ಮೂರನೇ ಹೆಜ್ಜೆ: ಅದ್ದುವುದು, ಓದುವುದು

ಕಾಗದದ ಎಲೆಯನ್ನು ಉದ್ದಕ್ಕೆ ಎರಡಾಗಿ ಹರಿದುಕೊಳ್ಳಿ, ದುಪ್ಪಟ್ಟು ದಿನ ಬರುತ್ತದೆ. ಬಿಳಿ ತಟ್ಟೆಯ ಮೇಲೆ ತುಂಡುಗಳನ್ನು ದೂರ ದೂರ ಇಡಿ. ಬಟ್ಟಲಿಗೆ ಕಾಗದ ಅದ್ದುವ ಬದಲು ಚಮಚದ ಹಿಂತುದಿಯಿಂದ ಒಂದು ಹನಿ ತೆಗೆದು ಕಾಗದದ ಮೇಲೆ ಬಿಡುವುದು ನನಗೆ ಇಷ್ಟ. ಕಾಗದದ ಬಣ್ಣ ವಸ್ತುವಿನೊಳಗೆ ಇಳಿಯುವುದಿಲ್ಲ, ವಸ್ತು ಹಾಳಾಗುವುದಿಲ್ಲ. ಅದ್ದಲೇಬೇಕಾದರೆ ಒಂದೆರಡು ಸೆಕೆಂಡು ಸಾಕು.

ನಿಂಬೆಯ ಹನಿ ಬಿಟ್ಟಾಗ ಹತ್ತಿರದಿಂದ ನೋಡಿ. ಕಾಗದ ಮೊದಲು ಹಳದಿ ಛಾಯೆಯಲ್ಲಿ ಇರುತ್ತದೆ. ಹನಿ ಬಿದ್ದ ಕಡೆ ಕೆಂಪು ಒಂದು ಚುಕ್ಕಿಯಾಗಿ ಹುಟ್ಟಿ, ದುಂಡಗೆ ಅಗಲವಾಗುತ್ತದೆ. ಅಂಚಿನಲ್ಲಿ ಒಂದು ತೆಳು ಉಂಗುರ ಇನ್ನೊಂದು ಬಣ್ಣದಲ್ಲಿ ಕಾಣಬಹುದು. ಓದಬೇಕಾದದ್ದು ಮಧ್ಯದ ಬಣ್ಣವನ್ನು. ಪೂರ್ತಿ ನೆನೆದ ಮೇಲೆ, ಅರ್ಧ ನಿಮಿಷದ ಒಳಗೆ, ಇನ್ನೂ ಒದ್ದೆ ಇರುವಾಗಲೇ ಪುಸ್ತಕದ ಬಣ್ಣಪಟ್ಟಿಯ ಪಕ್ಕ ಹಿಡಿಯಿರಿ. ಒಣಗಿದ ಕಾಗದವನ್ನು ನಂಬಬೇಡಿ. ನೀರು ಆರುತ್ತಾ ಬಣ್ಣ ಗಟ್ಟಿಯಾಗುತ್ತದೆ. ಸುಣ್ಣದಂಥವು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕ್ಷಾರ ಕಳೆದುಕೊಳ್ಳುತ್ತವೆ.

ಪುಸ್ತಕದ ಹಿಂದಿನ ಬಣ್ಣಪಟ್ಟಿ ಆ ಪುಸ್ತಕದ ಕಾಗದಕ್ಕೆ ಮಾತ್ರ. ಬೇರೆ ಕಂಪನಿಯ ಪಟ್ಟಿಗೆ ಹೋಲಿಸಿದರೆ ತಪ್ಪುತ್ತದೆ, ಏಕೆಂದರೆ ಅವರು ಬೆರೆಸಿದ ಸೂಚಕ ಬೇರೆ. ಇದೇ ಕಾರಣಕ್ಕೆ ನಾನಿಲ್ಲಿ 'ಪಿಎಚ್ 5ಕ್ಕೆ ಇಂಥದೇ ಬಣ್ಣ' ಅಂತ ಪಟ್ಟಿ ಕೊಡುತ್ತಿಲ್ಲ. ಸಾಮಾನ್ಯವಾಗಿ ಜೋರು ಆಮ್ಲ ಕೆಂಪು, ಸಾಧಾರಣ ಆಮ್ಲ ಕಿತ್ತಳೆಯಿಂದ ಹಳದಿ, ತಟಸ್ಥ ಹಸಿರು, ಸಾಧಾರಣ ಪ್ರತ್ಯಾಮ್ಲ ಹಸಿರುನೀಲಿ, ಜೋರು ಪ್ರತ್ಯಾಮ್ಲ ಕಡುನೀಲಿ ಅಥವಾ ನೇರಳೆ. ಇಷ್ಟು ನೆನಪಿದ್ದರೆ ಸಾಕು.

ಎರಡು ಬಣ್ಣದ ನಡುವೆ ಬಂದರೆ ನಡುವಿನದನ್ನೇ ಬರೆಯಿರಿ, '6 ಮತ್ತು 7ರ ನಡುವೆ' ಅಂತ. 6.4 ಅಂತ ಬರೆಯಬೇಡಿ. ಕಾಗದಕ್ಕೆ ಅಷ್ಟು ಗೊತ್ತಿಲ್ಲ.

ನಾಲ್ಕೂ ವಸ್ತುಗಳ ಓದು ನಾನು ಹೇಳಿದ ಅಂಕಿಗಳಿಗೆ ಹತ್ತಿರ ಬಂತಾ? ಹಾಗಿದ್ದರೆ ಕಾಗದ ಚೆನ್ನಾಗಿದೆ, ಕಣ್ಣೂ ಪಳಗಿದೆ. ನಿಂಬೆ ಕಿತ್ತಳೆ ಬಂತು, ಸುಣ್ಣ ಬರೀ ಹಸಿರು ಬಂತು ಅಂದರೆ ಕಾಗದ ಹಳತಾಗಿದೆ ಅಥವಾ ತೇವ ತಾಗಿದೆ. ಮುಂದೆ ಹೋಗಬೇಡಿ, ಹೊಸ ಪುಸ್ತಕ ತನ್ನಿ.

ನಾಲ್ಕನೇ ಹೆಜ್ಜೆ: ಮನೆ ತುಂಬ ಹುಡುಕಾಟ

ಈಗ ಮಕ್ಕಳನ್ನು ಬಿಡಿ. ಒಂದು ಷರತ್ತು: ಹನಿ ಬಿಡುವ ಮೊದಲು ಊಹೆಯನ್ನು ಬರೆಯಬೇಕು. ಊಹೆ ತಪ್ಪಿದ ಕಡೆಯೇ ಕಲಿಯುವುದು ಜಾಸ್ತಿ.

ಹುಣಸೆ ನೀರು, ವಿನೆಗರ್, ಮಜ್ಜಿಗೆ, ಟೊಮ್ಯಾಟೊ ಎಲ್ಲ ಆಮ್ಲ. ಅದು ನಾಲಿಗೆಗೇ ಗೊತ್ತು. ಆದರೆ ಕೋಲಾ ಥರದ ಪಾನೀಯಕ್ಕೆ ಕಾಗದ ಹಿಡಿಯಿರಿ. ಪಿಎಚ್ 2.5ರ ಆಸುಪಾಸು, ಹೆಚ್ಚೂಕಡಿಮೆ ನಿಂಬೆರಸದ ಪಕ್ಕ! ಸಿಹಿ ಹುಳಿಯನ್ನು ನಾಲಿಗೆಯಿಂದ ಮುಚ್ಚಿಟ್ಟಿರುತ್ತದೆ, ಕಾಗದದಿಂದ ಮುಚ್ಚಿಡಲು ಆಗುವುದಿಲ್ಲ. ಮಕ್ಕಳ ಹಲ್ಲಿನ ಬಗ್ಗೆ ಮಾತಾಡಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು.

ಗೋಲಿ ಸೋಡಾ ಇನ್ನೊಂದು ಚಂದದ ಉದಾಹರಣೆ. ಹೆಸರು ಸೋಡಾ ಅಂತ ಇರುವುದರಿಂದ ಎಲ್ಲರೂ ಪ್ರತ್ಯಾಮ್ಲ ಅಂತ ಊಹಿಸುತ್ತಾರೆ. ಆಗ ತಾನೇ ಒಡೆದ ಸಾದಾ ಸೋಡಾದ ಪಿಎಚ್ 4ರ ಹತ್ತಿರ. ನೀರಿಗೆ ಒತ್ತಿ ತುಂಬಿದ ಇಂಗಾಲದ ಡೈಆಕ್ಸೈಡ್ ಕಾರ್ಬೋನಿಕ್ ಆಮ್ಲ ಆಗಿರುತ್ತದೆ. ಲೋಟದಲ್ಲಿ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ನೋಡಿ. ಗುಳ್ಳೆ ಹೋದ ಮೇಲೆ ಆಮ್ಲವೂ ಹೋಗಿರುತ್ತದೆ, ಬಣ್ಣ ಹಸಿರಿನ ಕಡೆಗೆ ಸರಿದಿರುತ್ತದೆ.

ಅಡುಗೆ ಸೋಡಾದ ನೀರನ್ನೇ ಹತ್ತು ನಿಮಿಷ ಕುದಿಸಿ, ಆರಿಸಿ, ಮತ್ತೆ ಕಾಗದ ಹಿಡಿಯಿರಿ. ಬಣ್ಣ ಇನ್ನಷ್ಟು ನೀಲಿಗೆ ಹೋಗಿರುತ್ತದೆ. ಬಿಸಿಗೆ ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಟ್ಟು ಸ್ವಲ್ಪ ಭಾಗ ವಾಷಿಂಗ್ ಸೋಡಾ ಆಗಿರುತ್ತದೆ. ಕಾಳು ಬೇಗ ಬೇಯಲಿ ಅಂತ ಜಾಸ್ತಿ ಸೋಡಾ ಹಾಕಿದರೆ ಸಾಬೂನಿನ ರುಚಿ ಬರುವುದು ಇದೇ ಕಾರಣಕ್ಕೆ.

ಸ್ನಾನದ ಸೋಪು 9ರಿಂದ 10, ಬಟ್ಟೆ ಒಗೆಯುವ ಪುಡಿ ಇನ್ನೂ ಮೇಲೆ. ಹಾಗಾದರೆ ನೊರೆ ಬರುವುದೆಲ್ಲ ಪ್ರತ್ಯಾಮ್ಲವೇ? ಸೀಗೆಕಾಯಿ ಪುಡಿಯನ್ನು ನೀರಲ್ಲಿ ನೆನೆಸಿ, ಸೋಸಿ, ಒಂದು ಹನಿ ಬಿಡಿ. ಅದು ಆಮ್ಲದ ಕಡೆ ಬರುತ್ತದೆ. ನೊರೆಯೇ ಬೇರೆ, ಕ್ಷಾರವೇ ಬೇರೆ. ನಮ್ಮ ಚರ್ಮವೂ ಸ್ವಲ್ಪ ಆಮ್ಲೀಯ, ಸುಮಾರು 5. ಅದಕ್ಕೇ ಸೋಪು ಹಚ್ಚಿದಾಗ ಬಿಗಿದಂತಾಗುವ ಕೂದಲಿಗೆ ಸೀಗೆ ಹಿತವಾಗಿರುತ್ತದೆ.

ಒಲೆಯ ಬೂದಿಯನ್ನೂ ಬಿಡಬೇಡಿ. ಸೌದೆ ಬೂದಿಯನ್ನು ನೀರಿಗೆ ಹಾಕಿ ತಿಳಿ ಆದ ಮೇಲೆ ನೋಡಿದರೆ ಕಡುನೀಲಿ. ಅದರಲ್ಲಿ ಪೊಟ್ಯಾಸಿಯಂ ಕಾರ್ಬೋನೇಟ್ ಇದೆ. ಬೂದಿಯಲ್ಲಿ ಪಾತ್ರೆ ತಿಕ್ಕಿದರೆ ಜಿಡ್ಡು ಹೋಗುವುದು ಉಜ್ಜಿದ್ದಕ್ಕೆ ಮಾತ್ರ ಅಲ್ಲ.

ಟಾಯ್ಲೆಟ್ ತೊಳೆಯುವ ಆಸಿಡ್, ಬ್ಲೀಚ್ ಇವನ್ನು ದೊಡ್ಡವರೇ, ಕೈಗವಸು ಹಾಕಿಕೊಂಡು, ಬೇರೆ ಬೇರೆ ದಿನ ನೋಡಿ. ಇವೆರಡು ಎಂದೂ ಬೆರೆಯಬಾರದು, ಬೆರೆತರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಒಂದೇ ಬಟ್ಟಲು, ಒಂದೇ ಚಮಚ ಕೂಡ ಬೇಡ. ಬ್ಲೀಚಿನಲ್ಲಿ ಒಂದು ವಿಚಿತ್ರ ಕಾಣುತ್ತದೆ: ಕಾಗದ ಒಂದು ಕ್ಷಣ ನೀಲಿಯಾಗಿ, ಆಮೇಲೆ ಬೆಳ್ಳಗಾಗುತ್ತದೆ. ಸೂಚಕವೇ ಸುಟ್ಟುಹೋಯಿತು ಅಂತ ಅರ್ಥ. ಆ ಮೊದಲ ಕ್ಷಣದ ನೀಲಿಯೇ ಉತ್ತರ.

ಎಣ್ಣೆ, ತುಪ್ಪಕ್ಕೆ ಕಾಗದ ಹಿಡಿದರೆ ಏನೂ ಆಗುವುದಿಲ್ಲ. ಒಣ ನಿಂಬೆಉಪ್ಪನ್ನು ಒಣ ಕಾಗದದ ಮೇಲೆ ಇಟ್ಟರೂ ಏನೂ ಆಗುವುದಿಲ್ಲ. ಒಂದು ಹನಿ ನೀರು ಬಿಟ್ಟು ನೋಡಿ, ಹರಳಿನ ಸುತ್ತ ಕೆಂಪು ಅರಳುತ್ತದೆ. ಪಿಎಚ್ ಅನ್ನುವುದು ನೀರಿನಲ್ಲಿ ಕರಗಿದ್ದರ ಮಾತು. ನೀರಿಲ್ಲದೆ ಅದಕ್ಕೆ ಅರ್ಥವೇ ಇಲ್ಲ. ಹತ್ತು ವಾಕ್ಯದ ವಿವರಣೆಗಿಂತ ಈ ಒಂದು ಹನಿ ಹೆಚ್ಚು ಕಲಿಸುತ್ತದೆ.

ಕಾಫಿ, ಬೀಟ್‌ರೂಟ್ ರಸದಂಥ ಬಣ್ಣದ ದ್ರವ ಕಷ್ಟ. ಅವುಗಳ ಬಣ್ಣವೇ ಕಾಗದವನ್ನು ಮುಚ್ಚುತ್ತದೆ. ಉದ್ದನೆಯ ಕಾಗದದ ತುದಿ ಮಾತ್ರ ತಾಗಿಸಿ, ದ್ರವ ಮೇಲೇರಲು ಬಿಡಿ. ಮುಂದೆ ಹೋಗುವ ನೀರಿನಂಚಿನಲ್ಲಿ ಬಣ್ಣ ತೆಳುವಾಗಿರುತ್ತದೆ, ಅಲ್ಲಿ ಓದಿ. ಅಥವಾ ಪಕ್ಕದಲ್ಲಿ ಸಾದಾ ಬಿಳಿ ಕಾಗದಕ್ಕೂ ಒಂದು ಹನಿ ಬಿಟ್ಟು, ಎರಡರ ವ್ಯತ್ಯಾಸ ನೋಡಿ.

ಇಡ್ಲಿ ಹಿಟ್ಟಿನ ಒಂದು ರಾತ್ರಿ

ನನಗೆ ತುಂಬ ಪ್ರೀತಿಯ ಪ್ರಯೋಗ ಇದು. ಕಿರಿದಾದ ವ್ಯಾಪ್ತಿಯ ಕಾಗದ ಇಲ್ಲಿ ಬೇಕೇ ಬೇಕು.

ಸಂಜೆ ಉದ್ದಿನಬೇಳೆ, ಅಕ್ಕಿ ರುಬ್ಬಿದ ಕೂಡಲೇ ಒಂದು ಚಮಚ ಹಿಟ್ಟನ್ನು ಬಟ್ಟಲಿಗೆ ತೆಗೆದು, ಒಂದು ಚಮಚ ಡಿಸ್ಟಿಲ್ಡ್ ನೀರು ಬೆರೆಸಿ ಕಾಗದ ಹಿಡಿಯಿರಿ. ಆಗ ಪಿಎಚ್ 6ರ ಮೇಲೆ ಇರುತ್ತದೆ. ಮಲಗುವ ಮೊದಲು ಒಂದು ಸಲ, ಬೆಳಗ್ಗೆ ಎದ್ದ ಕೂಡಲೇ ಒಂದು ಸಲ ನೋಡಿ. ಪ್ರತಿ ಸಲ ಹೊಸ ಚಮಚ. ಪರೀಕ್ಷೆ ಮಾಡಿದ ಹಿಟ್ಟನ್ನು ಮತ್ತೆ ಪಾತ್ರೆಗೆ ಹಾಕಬೇಡಿ. ಬೆಳಗ್ಗೆ ಹಿಟ್ಟು ಉಬ್ಬಿ ಪಾತ್ರೆಯ ಅಂಚಿಗೆ ಬಂದಿರುವಾಗ ಪಿಎಚ್ 4.5ರ ಆಸುಪಾಸಿಗೆ ಇಳಿದಿರುತ್ತದೆ. ಲ್ಯೂಕೊನಾಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ ಮತ್ತು ಅದರ ಬಳಗ ರಾತ್ರಿಯಿಡೀ ಲ್ಯಾಕ್ಟಿಕ್ ಆಮ್ಲ, ಜೊತೆಗೆ ಇಂಗಾಲದ ಡೈಆಕ್ಸೈಡ್ ಮಾಡಿರುತ್ತವೆ. ಮೊದಲನೆಯದು ಹುಳಿಗೆ, ಎರಡನೆಯದು ಉಬ್ಬಿಗೆ.

ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಒಂದು ಸಲ, ಏಪ್ರಿಲ್ ಸೆಕೆಯಲ್ಲಿ ಒಂದು ಸಲ ಇದೇ ಪ್ರಯೋಗ ಮಾಡಿ ನೋಟ್‌ಬುಕ್ಕಿನಲ್ಲಿ ಅಂಟಿಸಿ. 'ಚಳಿಗೆ ಹಿಟ್ಟು ಹುದುಗು ಬರಲಿಲ್ಲ' ಅಂತ ಅಮ್ಮ ಹೇಳುವ ಮಾತು ಎರಡು ಸಾಲು ಬಣ್ಣವಾಗಿ ಕಣ್ಣ ಮುಂದೆ ಇರುತ್ತದೆ.

ಹಾಲು ಮೊಸರಾಗುವುದನ್ನೂ ಹೀಗೇ ನೋಡಬಹುದು. 6.6ರಿಂದ ಶುರುವಾಗಿ ಇಳಿಯುತ್ತಾ ಬಂದು, 4.6ರ ಹತ್ತಿರ ಹಾಲಿನ ಕೇಸಿನ್ ಪ್ರೋಟೀನ್ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತದೆ.

ಮನೆಯಲ್ಲೇ ಸೂಚಕ ಕಾಗದ ಮಾಡುವುದು

ಕೆಂಪು ದಾಸವಾಳದ ಹತ್ತು ಹೂವಿನ ಎಸಳು ಬಿಡಿಸಿ, ಒಂದು ಲೋಟ ಬಿಸಿ ನೀರಿಗೆ ಹಾಕಿ, ಅರ್ಧ ಗಂಟೆ ಮುಚ್ಚಿಡಿ. ಹಿಂಡಿ ಸೋಸಿ. ಕಾಗದದ ಪಟ್ಟಿಗಳನ್ನು ಅದ್ದಿ, ನೆರಳಲ್ಲಿ ಒಣಗಿಸಿ.

ಯಾವ ಕಾಗದ ಅನ್ನುವುದೇ ಇಲ್ಲಿನ ಗುಟ್ಟು. ಪ್ರಿಂಟರಿಗೆ ಹಾಕುವ ಬಿಳಿ ಹಾಳೆ ಬೇಡ. ಈಗಿನ ಹೆಚ್ಚಿನ ಹಾಳೆಗಳಲ್ಲಿ ಬೆಳ್ಳಗೆ ಕಾಣಲಿ ಅಂತ ಕ್ಯಾಲ್ಸಿಯಂ ಕಾರ್ಬೋನೇಟ್, ಅಂದರೆ ಸೀಮೆಸುಣ್ಣದಂಥ ಪುಡಿ ತುಂಬಿರುತ್ತಾರೆ. ಅದು ಪ್ರತ್ಯಾಮ್ಲ. ನೀವು ಗುಲಾಬಿ ಬಣ್ಣದ ದಾಸವಾಳದ ರಸಕ್ಕೆ ಅದ್ದಿದ ಹಾಳೆ ಒಣಗುವಷ್ಟರಲ್ಲಿ ನೀಲಿಗಟ್ಟಿರುತ್ತದೆ. ಪ್ರಯೋಗಾಲಯದ ಫಿಲ್ಟರ್ ಕಾಗದ ಅಥವಾ ಬಣ್ಣ, ಸುವಾಸನೆ ಇಲ್ಲದ ದಪ್ಪ ಟಿಶ್ಯೂ ಬಳಸಿ. ಆದರೆ ಆ ಪ್ರಿಂಟರ್ ಹಾಳೆಯನ್ನು ಬಿಸಾಡಬೇಡಿ. 'ಕಾಗದವೂ ಒಂದು ವಸ್ತು, ಅದಕ್ಕೂ ಪಿಎಚ್ ಇದೆ' ಅಂತ ತೋರಿಸಲು ಅದೇ ಸಾಕ್ಷಿ.

ದಾಸವಾಳದ ಪಟ್ಟಿ ನಿಂಬೆಗೆ ಕಡುಗುಲಾಬಿ, ಸೋಪಿನ ನೀರಿಗೆ ಹಸಿರು. ಆಂಥೋಸಯನಿನ್ ಅನ್ನುವ ಬಣ್ಣದ ಕೆಲಸ ಇದು. ನೀಲಿ ಶಂಖಪುಷ್ಪದಲ್ಲೂ ಅದೇ ಜಾತಿಯ ಬಣ್ಣ ಇದೆ: ಆಮ್ಲಕ್ಕೆ ನೇರಳೆ, ಗುಲಾಬಿ, ಪ್ರತ್ಯಾಮ್ಲಕ್ಕೆ ಹಸಿರು. ನನ್ನ ಕೇಳಿದರೆ ಶಂಖಪುಷ್ಪವೇ ಚಂದ, ಮೆಟ್ಟಿಲುಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಅರಿಶಿನದ ಪಟ್ಟಿ ಇನ್ನೂ ಸುಲಭ. ಅರಿಶಿನದ ಬಣ್ಣ ನೀರಿಗಿಂತ ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತದೆ. ಕೈಗೆ ಹಚ್ಚುವ ನೀರಾದ ಸ್ಯಾನಿಟೈಸರಿಗೆ ಒಂದು ಚಮಚ ಅರಿಶಿನ ಕದಡಿ, ತಿಳಿಯಲ್ಲಿ ಪಟ್ಟಿ ಅದ್ದಿ. ಒಲೆ, ದೀಪ ಹತ್ತಿರ ಇರಬಾರದು. ಇದು ಪಿಎಚ್ ಸುಮಾರು 7.4ರವರೆಗೂ ಹಳದಿ, 8.6 ದಾಟಿದರೆ ಕೆಂಗಂದು. ಅಂದರೆ ನಿಂಬೆಗೂ ಹಾಲಿಗೂ ಒಂದೇ ಉತ್ತರ. ಆಮ್ಲವನ್ನು ಹುಡುಕಲು ಇದು ಬಾರದು, ಪ್ರತ್ಯಾಮ್ಲಕ್ಕೆ ಮಾತ್ರ. ಬಿಳಿ ಅಂಗಿ ಮೇಲೆ ಸಾರು ಚೆಲ್ಲಿ, ಸೋಪು ಹಚ್ಚಿದಾಗ ಕಲೆ ಕೆಂಪಾಗಿ ಗಾಬರಿಯಾಗುತ್ತದಲ್ವಾ? ಅದೇ ಇದು. ಚೆನ್ನಾಗಿ ಜಾಲಾಡಿ, ಮತ್ತೆ ಹಳದಿ ಆಗುತ್ತದೆ. ಬಿಸಿಲಿಗೆ ಹಾಕಿದರೆ ಆ ಹಳದಿಯೂ ಮಾಸುತ್ತದೆ.

ಕುಡಿಯುವ ನೀರು

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ಒಳಗೆ ಇರಬೇಕು. ಕಾಗದ ಹಸಿರು ತೋರಿಸಿತು ಅಂದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯ ಅಂದುಕೊಳ್ಳಬೇಡಿ. ರೋಗಾಣು ಇದ್ದರೂ ಹಸಿರೇ. ಪಾವಗಡದ ಕಡೆ ಕೊಳವೆಬಾವಿಯಲ್ಲಿ ಬರುವ ಫ್ಲೋರೈಡನ್ನೂ ಈ ಕಾಗದ ಕಾಣಲಾರದು. ಗಡಸು ನೀರು ಅನ್ನುವುದೂ ಬೇರೆಯದೇ ಅಳತೆ.

ಆರ್‌ಒ ನೀರು, ಮಳೆನೀರು, ಡಿಸ್ಟಿಲ್ಡ್ ನೀರು ಹಳದಿಯ ಕಡೆ ತೋರಿಸಿದರೆ ಹೆದರಬೇಡಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಶುದ್ಧ ಮಳೆನೀರೂ 5.6ರ ಹತ್ತಿರ ಇರುತ್ತದೆ. ಇಂಥ ನೀರಿನಲ್ಲಿ ಲವಣ ಕಡಿಮೆ, ಕಾಗದದಲ್ಲಿರುವ ಸೂಚಕವೇ ಅದರ ಪಿಎಚ್ಚನ್ನು ಅಲ್ಲಾಡಿಸಬಲ್ಲದು. ಹಾಗಾಗಿ ಇಲ್ಲಿ ಕಾಗದದ ಓದು ಅಂದಾಜು ಮಾತ್ರ.

ತೋಟದ ಮಣ್ಣು

20 ಗ್ರಾಂ ಒಣಮಣ್ಣಿಗೆ 50 ಮಿಲಿಲೀಟರ್ ಡಿಸ್ಟಿಲ್ಡ್ ನೀರು. ಮಣ್ಣು ಪರೀಕ್ಷಾ ಕೇಂದ್ರಗಳಲ್ಲೂ ಸಾಮಾನ್ಯವಾಗಿ ಇದೇ ಅಳತೆ, ಒಂದಕ್ಕೆ ಎರಡೂವರೆ. ಆಗಾಗ ಕದಡುತ್ತಾ ಅರ್ಧ ಗಂಟೆ ಬಿಡಿ. ಕೆಸರು ಕೂತ ಮೇಲೆ ಮೇಲಿನ ತಿಳಿಗೆ ಕಾಗದ ತಾಗಿಸಿ. ಗೊಬ್ಬರ ಹಾಕಿದ ವಾರದಲ್ಲಿ ಬೇಡ. ತೋಟದ ಐದಾರು ಕಡೆ, ಒಂದು ಗೇಣು ಆಳದ ಮಣ್ಣು ತೆಗೆದು ಬೆರೆಸಿ.

ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣು ಆಮ್ಲದ ಕಡೆ ಬರುತ್ತದೆ. ಜೋರು ಮಳೆ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗಿರುತ್ತದೆ. ಅದಕ್ಕೇ ಕೊಡಗಿನ ಕಾಫಿ ತೋಟಕ್ಕೆ, ಮಲೆನಾಡಿನ ಅಡಿಕೆ ತೋಟಕ್ಕೆ ಸುಣ್ಣ ಹಾಕುತ್ತಾರೆ. ವಿಜಯಪುರ, ರಾಯಚೂರಿನ ಕಪ್ಪು ಎರೆಮಣ್ಣು ಸಾಮಾನ್ಯವಾಗಿ ಪ್ರತ್ಯಾಮ್ಲದ ಕಡೆ. ಅಲ್ಲಿಗೆ ಸುಣ್ಣ ಹಾಕಿದರೆ ಕೆಡುಕೇ. ಮಡಿಕೇರಿಯ ಮನೆಗಳ ಮುಂದೆ ಹೈಡ್ರೇಂಜಿಯ ಹೂ ನೀಲಿಯಾಗಿ ಅರಳಿದ್ದರೆ ಮಣ್ಣು ಆಮ್ಲೀಯ ಅಂತ ಕಾಗದ ಇಲ್ಲದೆಯೇ ಹೇಳಬಹುದು. ಆಮ್ಲದ ಮಣ್ಣಿನಿಂದ ಅದು ಅಲ್ಯೂಮಿನಿಯಂ ಹೀರಿಕೊಂಡು ನೀಲಿಯಾಗುತ್ತದೆ. ಲಿಟ್ಮಸ್‌ಗೆ ಪೂರಾ ಉಲ್ಟಾ!

ಸುಣ್ಣ ಎಷ್ಟು ಚೀಲ ಹಾಕಬೇಕು ಅನ್ನುವುದನ್ನು ಮಾತ್ರ ಕಾಗದ ನೋಡಿ ನಿರ್ಧರಿಸಬೇಡಿ. ಕಾಗದ ಈಗ ಮಣ್ಣಿನ ನೀರಿನಲ್ಲಿ ಇರುವ ಆಮ್ಲ ತೋರಿಸುತ್ತದೆ, ಮಣ್ಣಿನ ಕಣಗಳು ಹಿಡಿದಿಟ್ಟುಕೊಂಡ ಆಮ್ಲ ತೋರಿಸುವುದಿಲ್ಲ. ಆ ಲೆಕ್ಕಕ್ಕೆ ಮಣ್ಣನ್ನು ಪರೀಕ್ಷಾ ಕೇಂದ್ರಕ್ಕೆ ಕೊಡಿ.

ಕಾಗದ ಕಾಪಾಡಿಕೊಳ್ಳುವುದು

ಪುಸ್ತಕವನ್ನು ಗಾಳಿಯಾಡದ ಡಬ್ಬಿಯಲ್ಲಿ, ಒಂದು ಸಿಲಿಕಾ ಪೊಟ್ಟಣದ ಜೊತೆ ಇಡಿ. ಬಚ್ಚಲುಮನೆ, ಆಸಿಡ್ ಇಟ್ಟ ಕಪಾಟು ಎರಡೂ ಬೇಡ. ಆಸಿಡ್ಡಿನ ಆವಿಯೇ ಸಾಕು, ಅಂಚುಗಳು ಕೆಂಪಾಗಲು. ಮಳೆಗಾಲದಲ್ಲಿ ಪ್ರತಿ ಸಲ ಒಂದೇ ಎಲೆ ಹರಿದುಕೊಂಡು ಡಬ್ಬಿ ಮುಚ್ಚಿ. ಎರಡು ತಿಂಗಳ ಮೇಲೆ ತೆಗೆದರೆ, ಏನನ್ನೂ ನೋಡುವ ಮೊದಲು ಒಂದು ಹನಿ ನಿಂಬೆ, ಒಂದು ಹನಿ ಸುಣ್ಣದ ತಿಳಿ ಬಿಟ್ಟು ನೋಡಿ.